ತಾರೀಖಿಲ್ಲದ ನೌಕಾಪಡೆ ಠಸ್ಸೆ: ಹಳೇ ಕವರನ್ನು ಓದುವ ಬಗೆ

ದಾವಣಗೆರೆಗೂ ಸಮುದ್ರಕ್ಕೂ ನಡುವೆ ಇಡೀ ಮಲೆನಾಡು, ಪಶ್ಚಿಮ ಘಟ್ಟ ಅಡ್ಡ ನಿಂತಿವೆ. ಆದರೂ ನಮ್ಮ ಕಡೆಯ ಹಳೇ ಟ್ರಂಕುಗಳಲ್ಲಿ ಹಡಗಿನಿಂದ ಬಂದ ಕಾಗದ ಸಿಗುತ್ತವೆ. ನನಗೆ ಮೊದಲನೆಯದು ಸಿಕ್ಕಿದ್ದು ನಮ್ಮ ದೊಡ್ಡಮ್ಮನ ಮನೆಯಲ್ಲಿ. ಅವರ ಅಣ್ಣ ನೌಕಾಪಡೆಯಲ್ಲಿದ್ದವರು. ಮದುವೆ ಸೀರೆಗಳ ಅಡಿಯಲ್ಲಿ, ಹಳೇ ಪಂಚಾಂಗದ ನಡುವೆ ಒಂದು ಲಕೋಟೆ ಇತ್ತು. ಎಡ ಮೂಲೆಯಲ್ಲಿ ನೇರಳೆ ಶಾಯಿಯ ಮೊಟ್ಟೆಯಾಕಾರದ ರಬ್ಬರ್ ಠಸ್ಸೆ, ಅದರಲ್ಲಿ 'ಐಎನ್‌ಎಸ್ ಮೈಸೂರು' ಅಂತ ಇಂಗ್ಲಿಷಿನಲ್ಲಿ. ಬಲಗಡೆ 15 ನಯೇ ಪೈಸೆಯ ಭಾರತ ನಕ್ಷೆಯ ಸ್ಟಾಂಪು, ಅದರ ಮೇಲೆ ಬರೀ ಕಪ್ಪು ಗೆರೆಗಳು. ತಾರೀಖು ಎಲ್ಲೂ ಇಲ್ಲ. ಒಳಗೆ ಕಾಗದವೂ ಇಲ್ಲ.

"ಯಾವಾಗ ಬಂದದ್ದು ದೊಡ್ಡಮ್ಮ?" ಅಂತ ಕೇಳಿದೆ. "ನನ್ನ ಮದುವೆ ಆದಮೇಲೆ ಕಣಪ್ಪಾ" ಅಂದರು. ಅಷ್ಟೇ ಗೊತ್ತಿದ್ದದ್ದು.

ಇಂಥ ಕವರಿನ ವರ್ಷ ಹಿಡಿಯುವುದು ಹೇಗೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಾರೀಖಿಲ್ಲದ ಠಸ್ಸೆ ತಾನೊಂದೇ ವರ್ಷ ಹೇಳುವುದಿಲ್ಲ. ಹೊಲಕ್ಕೆ ಬದು ಹಾಕಿದ ಹಾಗೆ ಎರಡೂ ಕಡೆಯಿಂದ ಬದು ಹಾಕುತ್ತಾ ಬರಬೇಕು. 'ಇದಕ್ಕಿಂತ ಮುಂಚೆ ಇರಲು ಸಾಧ್ಯವಿಲ್ಲ' ಅನ್ನುವುದು ಹಿಂಬದು. 'ಇದಾದ ಮೇಲೆ ಇರಲು ಸಾಧ್ಯವಿಲ್ಲ' ಅನ್ನುವುದು ಮುಂಬದು. ನಡುವೆ ಉಳಿದ ಜಾಗದಲ್ಲಿ ನಿಮ್ಮ ಕವರು ಇದೆ.

ತಾರೀಖು ಯಾಕೆ ಇರುವುದಿಲ್ಲ?

ಯುದ್ಧದ ಕಾಲದಲ್ಲಿ ಊರಿನ ಹೆಸರು, ತಾರೀಖು ಎರಡೂ ಇದ್ದರೆ ಹಡಗು ಅವತ್ತು ಎಲ್ಲಿತ್ತು ಅನ್ನುವುದು ಗೊತ್ತಾಗಿಬಿಡುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಸ್ಕಾಪಾ ಫ್ಲೋದಲ್ಲಿ ಬ್ರಿಟಿಷ್ ಹಡಗುಪಡೆ ಲಂಗರು ಹಾಕಿತ್ತು. ಅಲ್ಲಿಂದ ಒಂದು ಕಾಗದ ಊರಿನ ಹೆಸರು ಹೊತ್ತು ಹೊರಗೆ ಬಂದರೆ ಶತ್ರುವಿಗೆ ಅದೇ ದೊಡ್ಡ ಸುದ್ದಿ. ಅದಕ್ಕೇ ಹೆಸರು, ತಾರೀಖು ತೆಗೆದ ಠಸ್ಸೆ ಬಳಸಿದರು. ಎರಡನೇ ಕಾರಣ ಸಾದಾ. ಎಲ್ಲ ಹಡಗಿನಲ್ಲೂ ಅಂಚೆ ಕಚೇರಿ ಇರುವುದಿಲ್ಲ. ಕಾಗದಗಳು ಚೀಲದಲ್ಲಿ ದಿನಗಟ್ಟಲೆ ಇದ್ದು ಮುಂದಿನ ಬಂದರಿನಲ್ಲಿ ಇಳಿಯುತ್ತವೆ. ಹಡಗಿನ ಆಫೀಸಿನವರು ತಮ್ಮ ರಬ್ಬರ್ ಸೀಲು ಒತ್ತಿ ಕಳಿಸುತ್ತಾರೆ. ಅದು ಅಂಚೆ ಇಲಾಖೆಯ ಮುದ್ರೆ ಅಲ್ಲ, ಹಾಗಾಗಿ ತಾರೀಖಿನ ನಿಯಮವೂ ಅದಕ್ಕಿಲ್ಲ.

ಮೊದಲ ಹಂತ: ಕೈ ತೊಳೆದು ಒರೆಸಿಕೊಳ್ಳಿ

ಎಣ್ಣೆ ಕೈ, ಬೆವರು ಕೈ ಬೇಡ. ಮಿರ್ಚಿ ಮಂಡಕ್ಕಿ ತಿಂದ ಕೈಯಂತೂ ಬೇಡವೇ ಬೇಡ. ಕವರನ್ನು ಅಂಚು ಹಿಡಿದು ಎತ್ತಿ. ಸ್ಟಾಂಪು ಕೀಳಬೇಡಿ, ನೀರಿಗೆ ಹಾಕಬೇಡಿ. ಸ್ಟಾಂಪು ಕಿತ್ತರೆ ಅದರ ಮೇಲಿನ ಅರ್ಧ ಠಸ್ಸೆ ಒಂದು ಕಡೆ, ಕವರಿನ ಮೇಲಿನ ಅರ್ಧ ಇನ್ನೊಂದು ಕಡೆ ಆಗುತ್ತದೆ. ಸಾಕ್ಷಿಯೇ ಹೋಯಿತು.

ಇನ್ನೊಂದು ವಿಷಯ ಕೈಮುಗಿದು ಹೇಳುತ್ತೇನೆ. ಜೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಟ್ ಮಾಡಿಸಬೇಡಿ. ಹಳೇ ಕಾಗದ ಉಳಿಯಲಿ ಅನ್ನುವ ಪ್ರೀತಿಯಿಂದಲೇ ಜನ ಹೀಗೆ ಮಾಡುತ್ತಾರೆ. ಆದರೆ ಬಿಸಿಗೆ ಅಂಟು ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಪಾಲಿಯೆಸ್ಟರ್ ತೊಟ್ಟೆ ಸಿಗುತ್ತದೆ, ಅದರಲ್ಲಿ ಇಡಿ. ಪಿವಿಸಿಯದ್ದು ಬೇಡ, ಅದು ವರ್ಷಗಳಾದ ಮೇಲೆ ಅಂಟಂಟಾಗಿ ಶಾಯಿ ಎಳೆದುಕೊಳ್ಳುತ್ತದೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸು, ಮಿಲಿಮೀಟರ್ ಗೆರೆ ಇರುವ ಸ್ಕೇಲು, ಪಾರದರ್ಶಕ ಹಾಳೆ ಒಂದು, ಪೆನ್ಸಿಲ್, ಮೊಬೈಲ್. ಅಂಗಡಿಗಳಲ್ಲಿ ನೋಟು ಪರೀಕ್ಷೆ ಮಾಡುವ ನೀಲಿ ಟಾರ್ಚು ಇರುತ್ತದಲ್ಲ, ಅದೊಂದು ಇದ್ದರೆ ಒಳ್ಳೆಯದು.

ಎರಡನೇ ಹಂತ: ಎರಡೂ ಮುಖದ ಫೋಟೋ

ಫ್ಲ್ಯಾಶ್ ಬೇಡ. ಬೆಳಗ್ಗೆ ಜಗಲಿ ಮೇಲೆ, ನೇರ ಬಿಸಿಲು ಬೀಳದ ಕಡೆ ಕವರು ಇಡಿ. ಒಂದು ಫೋಟೋ ನೇರವಾಗಿ. ಇನ್ನೊಂದು ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ. ಲೋಹದ ಠಸ್ಸೆಯನ್ನು ಸುತ್ತಿಗೆ ಏಟಿನ ಹಾಗೆ ಕುಟ್ಟಿರುತ್ತಾರೆ. ಶಾಯಿ ಹಿಡಿಯದಿದ್ದರೂ ಕಾಗದದಲ್ಲಿ ಸಣ್ಣ ತಗ್ಗು ಉಳಿದಿರುತ್ತದೆ. ಓರೆ ಬೆಳಕಿನಲ್ಲಿ ಅದು ನೆರಳಾಗಿ ಕಾಣುತ್ತದೆ. ನೇರಳೆ ಶಾಯಿ ಮಾಸಿದ್ದರೆ ಮೊಬೈಲಿನಲ್ಲಿ ಬಣ್ಣ ತಿರುಗುಮುರುಗು ಮಾಡಿ ನೋಡಿ. ಬರಿಗಣ್ಣಿಗೆ ಕಾಣದ ಅಕ್ಷರ ಎಷ್ಟೋ ಸಲ ಎದ್ದು ಬರುತ್ತದೆ.

ಹಿಂಭಾಗ ಮರೆಯಬೇಡಿ. ಎಲ್ಲರೂ ಮುಖ ನೋಡುತ್ತಾರೆ. ಕಳಿಸಿದ ಠಸ್ಸೆಯಲ್ಲಿ ತಾರೀಖು ಇಲ್ಲದಿದ್ದರೂ ತಲುಪಿದ ಊರಿನ ಅಂಚೆ ಕಚೇರಿ ಹಿಂದುಗಡೆ ತನ್ನ ಮುದ್ರೆ ಒತ್ತಿರಬಹುದು. ನಮ್ಮ ಊರಿನ ಗುಮಾಸ್ತರಿಗೆ ಹಡಗಿನ ಗುಟ್ಟು ಕಾಯುವ ಕೆಲಸ ಇರಲಿಲ್ಲ, ಅವರು ತಾರೀಖು ಹಾಕುತ್ತಿದ್ದರು.

ಮೂರನೇ ಹಂತ: ಈ ಗುರುತು ಒತ್ತಿದ್ದು ಯಾರು?

ಇದೇ ಮುಖ್ಯವಾದ ಹಂತ. ಒಂದು ಕವರಿನ ಮೇಲೆ ನಾಲ್ಕು ಕೈಗಳ ಗುರುತು ಇರಬಹುದು. ಅಂಚೆಯವರದ್ದು, ಹಡಗಿನವರದ್ದು, ಸೆನ್ಸಾರಿನವರದ್ದು, ಆಮೇಲೆ ಮಾರಿದ ಇಲ್ಲವೇ ಕೂಡಿಟ್ಟವರದ್ದು. ಪ್ರತಿಯೊಂದನ್ನೂ ಬೇರೆ ಮಾಡಿ ನೋಡಬೇಕು. ಪಾರದರ್ಶಕ ಹಾಳೆ ಕವರಿನ ತೊಟ್ಟೆ ಮೇಲೆ ಇಟ್ಟು ಒಂದೊಂದೇ ಗುರುತನ್ನು ಹಗುರವಾಗಿ ಗೆರೆ ಎಳೆದು ತೆಗೆಯಿರಿ. ಅಗಲ ಎಷ್ಟು ಮಿಲಿಮೀಟರ್, ಅಲೆಗೆರೆ ಎಷ್ಟು, ಶಾಯಿ ಯಾವ ಬಣ್ಣ, ಅಕ್ಷರಕ್ಕೆ ಬಾಲ ಇದೆಯೋ ಇಲ್ಲವೋ, ಎಲ್ಲ ಬರೆದುಕೊಳ್ಳಿ. ಹೀಗೆ ಗೆರೆ ಎಳೆಯುವಾಗಲೇ ಕಣ್ಣು ಪಳಗುತ್ತದೆ.

ಈಗ ಸಾಮಾನ್ಯವಾಗಿ ಸಿಗುವ ಬಗೆಗಳನ್ನು ನೋಡೋಣ.

ಮೂಕ ಠಸ್ಸೆ. ಇದರಲ್ಲಿ ಅಕ್ಷರವೇ ಇಲ್ಲ. ಬರೀ ಉಂಗುರ, ಪಟ್ಟೆ, ಅಲೆ ಇಲ್ಲವೇ ಅಡ್ಡಗೀಟು. ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ನೌಕಾಪಡೆಯ ಟಪಾಲಿಗೆ ಇದನ್ನು ಬಳಸಿದ್ದಾರೆ. ಕೆಲವನ್ನು ಹಡಗಿನಲ್ಲೇ ಬೆಂಡು, ಮರ, ರಬ್ಬರಿನಲ್ಲಿ ಕೆತ್ತಿಕೊಳ್ಳುತ್ತಿದ್ದರು. ಕೈಯಲ್ಲಿ ಕೆತ್ತಿದ್ದಾದರೆ ಅಂಚು ಸೊಟ್ಟ ಇರುತ್ತದೆ, ಗೆರೆಗಳ ದಪ್ಪ ಒಂದೇ ಸಮ ಇರುವುದಿಲ್ಲ. ಒಂದು ಎಚ್ಚರಿಕೆ: ಗೆರೆಗಳು ಇದ್ದ ಮಾತ್ರಕ್ಕೆ ನೌಕಾಪಡೆ ಅಲ್ಲ. ಸಾದಾ ಅಂಚೆ ಕಚೇರಿಗಳಲ್ಲೂ ಸ್ಟಾಂಪು ಹೊಡೆಯಲು ಪಟ್ಟೆ ಠಸ್ಸೆ ಇದ್ದವು. ಸೆನ್ಸಾರ್ ಗುರುತೋ ಹಡಗಿನ ವಿಳಾಸವೋ ಜೊತೆಗೆ ಇದ್ದರೆ ಮಾತ್ರ ಆ ಕಡೆ ಯೋಚಿಸಿ.

'ರಿಸೀವ್ಡ್ ಫ್ರಂ ಎಚ್.ಎಂ. ಶಿಪ್ಸ್'. ರಾಜನ ಹಡಗುಗಳಿಂದ ಬಂದದ್ದು ಅಂತ ಅರ್ಥ. ಕೆಲವದರಲ್ಲಿ ಜೊತೆಗೆ 'ಹಣ ವಸೂಲಿ ಮಾಡಬೇಡಿ' ಅನ್ನುವ ಮಾತೂ ಇರುತ್ತದೆ. ಸ್ಟಾಂಪು ಅಂಟಿಸದ ಕಾಗದಕ್ಕೆ ಊರಿನಲ್ಲಿ ದಂಡ ಹಾಕದಿರಲಿ ಅಂತ.

'ಪೋಸ್ಟ್ ಆಫೀಸ್ ಮ್ಯಾರಿಟೈಮ್ ಮೇಲ್'. ಎರಡನೇ ಮಹಾಯುದ್ಧದ ನಡುವೆ ಬ್ರಿಟಿಷ್ ಅಂಚೆಯವರು ತಂದ ಮುದ್ರೆ. ಯಂತ್ರದ್ದಾದರೆ ಪಕ್ಕದಲ್ಲಿ ಅಲೆಗೆರೆಗಳು ಓಡುತ್ತವೆ. ಊರಿಲ್ಲ, ತಾರೀಖಿಲ್ಲ. ಇದು ಕಂಡ ಕೂಡಲೇ 'ಯುದ್ಧದ ಕಾಲದ್ದು' ಅಂತ ಬೆಲೆ ಹೇಳುವವರಿದ್ದಾರೆ. ದುಡುಕಬೇಡಿ. ಯುದ್ಧ ಮುಗಿದ ಮೇಲೂ ಇದು ಬಹಳ ಕಾಲ ಬಳಕೆಯಲ್ಲಿತ್ತು. ಹಾಗಾಗಿ ಇದು ಹಿಂಬದು ಮಾತ್ರ ಕೊಡುತ್ತದೆ, ಮುಂಬದು ಕೊಡುವುದಿಲ್ಲ. ರಾಣಿ ಎಲಿಜಬೆತ್ ಮುಖದ ಸ್ಟಾಂಪು ಇದ್ದರಂತೂ 1952ರ ಡಿಸೆಂಬರಿಗಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ.

ಸೆನ್ಸಾರ್ ಗುರುತು. ಬ್ರಿಟಿಷ್ ಹಡಗುಗಳಲ್ಲಿ ನಾವಿಕರ ಕಾಗದವನ್ನು ಅದೇ ಹಡಗಿನ ಅಧಿಕಾರಿಯೊಬ್ಬರು ಓದಿ, ಮೂಲೆಯಲ್ಲಿ ಸಹಿ ಹಾಕಿ, 'ಪಾಸ್ಡ್ ಬೈ ಸೆನ್ಸಾರ್' ಅಂತ ಸೀಲು ಒತ್ತುತ್ತಿದ್ದರು. ಆ ಸಹಿ ಸಣ್ಣದಾಗಿ, ಅವಸರದಲ್ಲಿ ಗೀಚಿದ ಹಾಗಿರುತ್ತದೆ. ಬರೆದವರ ಕೈಬರಹವಲ್ಲ ಅಂತ ಗೊತ್ತಾಗುತ್ತದೆ. ಅಮೆರಿಕದ ನೌಕಾಪಡೆಯದ್ದಾದರೆ 'ಪಾಸ್ಡ್ ಬೈ ನೇವಲ್ ಸೆನ್ಸಾರ್' ಅಂತ ದುಂಡನೆ ಗುರುತು. ಅಮೆರಿಕದ ಹಡಗುಗಳಲ್ಲಿ 1908ರಿಂದ ಅಂಚೆ ಕಚೇರಿಗಳಿದ್ದವು, ಠಸ್ಸೆಯಲ್ಲಿ ಹಡಗಿನ ಹೆಸರೂ ಇರುತ್ತಿತ್ತು. ಎರಡನೇ ಯುದ್ಧದಲ್ಲಿ ಆ ಹೆಸರು ತೆಗೆದು ಬರೀ 'ಯು.ಎಸ್. ನೇವಿ' ಉಳಿಸಿದರು. ಸ್ಟಾಂಪಿನ ಜಾಗದಲ್ಲಿ ಕೈಯಲ್ಲಿ 'ಫ್ರೀ' ಅಂತ ಬರೆದಿದ್ದರೆ 1942ರ ಏಪ್ರಿಲ್‌ನಿಂದ ಈಚೆಗಿನದು ಅಂತ ಲೆಕ್ಕ.

ಇನ್ನು ನಮ್ಮದು. ಭಾರತದ ಹಡಗುಗಳ ರಬ್ಬರ್ ಸೀಲು. ದೊಡ್ಡಮ್ಮನ ಕವರಿನ ಮೇಲಿದ್ದದ್ದು ಇದೇ. ಸಾಮಾನ್ಯವಾಗಿ ನೇರಳೆ ಶಾಯಿ. ಒತ್ತಿದ ಕಡೆ ಅಕ್ಷರದ ಅಂಚಿನಲ್ಲಿ ಶಾಯಿ ದಟ್ಟ, ನಡುವೆ ತೆಳು. ರಬ್ಬರಿನ ಲಕ್ಷಣವೇ ಅದು. ಲೋಹದ ಠಸ್ಸೆಯಲ್ಲಿ ಹೀಗಾಗುವುದಿಲ್ಲ.

ನೌಕಾಪಡೆಯದ್ದಲ್ಲದೆ ಹಾಗೆ ಕಾಣುವವು ಎರಡಿವೆ. 'ಪ್ಯಾಕಬೋ' ಅಂತ ಫ್ರೆಂಚ್ ಪದದ ಗುರುತು ಇದ್ದರೆ ಅದು ಪ್ರಯಾಣಿಕರ ಇಲ್ಲವೇ ಸರಕಿನ ಹಡಗಿನಲ್ಲಿ ನಡುಸಮುದ್ರದಲ್ಲಿ ಹಾಕಿದ ಕಾಗದ. ಇಂಗ್ಲಿಷ್ ಅಕ್ಷರದಲ್ಲಿ ಓದಿದರೆ 'ಪ್ಯಾಕ್ವೆಬಾಟ್' ಅಂತ ಕಾಣುತ್ತದೆ. 'ಸೀ ಪೋಸ್ಟ್ ಆಫೀಸ್' ಅಂತ ಇದ್ದರೆ ಬೊಂಬಾಯಿ ಮತ್ತು ಏಡನ್ ಕಡೆ ಓಡಾಡುತ್ತಿದ್ದ ಟಪಾಲು ಹಡಗಿನಲ್ಲಿ ವಿಂಗಡಣೆ ಆದದ್ದು. ಆ ವ್ಯವಸ್ಥೆ 1868ರಲ್ಲಿ ಶುರುವಾಗಿ 1914ರಲ್ಲಿ ಯುದ್ಧ ಬಂದಾಗ ನಿಂತಿತು. ಎರಡೂ ಸೊಗಸಾದ ಕವರುಗಳೇ. ಆದರೆ ಅವುಗಳ ದಾರಿ ಬೇರೆ. '56 ಎ.ಪಿ.ಓ.' ಅಂತಿದ್ದರೆ ಅದು ಸೇನಾ ಅಂಚೆಯ ವಿಳಾಸ.

ನಾಲ್ಕನೇ ಹಂತ: ಬದು ಹಾಕುವುದು

ಹಡಗಿನ ಹೆಸರಿನ ಮುಂದಿನ ಅಕ್ಷರದಿಂದ ಶುರುಮಾಡಿ. 'ಆರ್‌ಐಎಂಎಸ್' ಇದ್ದರೆ ರಾಯಲ್ ಇಂಡಿಯನ್ ಮರೀನ್ ಕಾಲ, 1934ಕ್ಕಿಂತ ಹಿಂದೆ. 'ಎಚ್‌ಎಂಐಎಸ್' ಇದ್ದರೆ ರಾಯಲ್ ಇಂಡಿಯನ್ ನೇವಿ, 1934ರಿಂದ 1950ರ ಜನವರಿ 26ರವರೆಗೆ. 'ಐಎನ್‌ಎಸ್' ಇದ್ದರೆ ಗಣರಾಜ್ಯವಾದ ಮೇಲೆ. ಬರೀ ಮೂರ್ನಾಲ್ಕು ಅಕ್ಷರದಲ್ಲಿ ಎಂಥ ಗಟ್ಟಿ ಬದು ಸಿಕ್ಕಿತು ನೋಡಿ. ಆದರೂ ಹಳೇ ರಬ್ಬರ್ ಸೀಲನ್ನು ಕೆಲವು ತಿಂಗಳು ಹಾಗೇ ಬಳಸಿರಬಹುದು. ಅಂಚಿನ ದಿನಗಳಲ್ಲಿ ಸ್ವಲ್ಪ ಸಡಿಲ ಬಿಡಿ.

ಆಮೇಲೆ ಹಡಗಿನ ಚರಿತ್ರೆ. ಐಎನ್‌ಎಸ್ ಮೈಸೂರು ಮೊದಲು ಬ್ರಿಟಿಷರ 'ನೈಜೀರಿಯಾ' ಅನ್ನುವ ಕ್ರೂಸರ್. ನಮ್ಮ ನೌಕಾಪಡೆಗೆ ಸೇರಿದ್ದು 1957ರ ಆಗಸ್ಟ್ 29ರಂದು. 1985ರಲ್ಲಿ ನಿವೃತ್ತಿ. 1999ರಲ್ಲಿ ಅದೇ ಹೆಸರಿನ ಇನ್ನೊಂದು ಹಡಗು ಬಂತು. ನೌಕಾಪಡೆಯಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಟ್ಟ ಹಾಗೆ ಹಡಗಿನ ಹೆಸರು ಮರಳಿ ಬರುತ್ತದೆ. ದೆಹಲಿ, ವಿಕ್ರಾಂತ್, ಖುಕ್ರಿ, ಎಲ್ಲವೂ ಎರಡೆರಡು. ಮೊದಲ ಖುಕ್ರಿ 1971ರ ಡಿಸೆಂಬರ್ 9ರಂದು ಯುದ್ಧದಲ್ಲಿ ಮುಳುಗಿತು. ಆ ಹಡಗಿನ ಕವರು ನಿಮಗೆ ಸಿಕ್ಕರೆ ಮುಂಬದು ಆ ದಿನವೇ. ಬೆಲೆ ವಿಚಾರಿಸುವುದಕ್ಕಿಂತ ಮೊದಲು ಬರೆದವರ ಮನೆಯವರು ಯಾರಾದರೂ ಇದ್ದಾರಾ ಅಂತ ಹುಡುಕಿ. ಅವರಿಗೆ ಅದು ಬರೀ ಕವರಲ್ಲ.

ಇನ್ನೊಂದು ಕಡೆ ಹೊಸಬರು ಎಡವುತ್ತಾರೆ. 'ಐಎನ್‌ಎಸ್' ಅಂತ ಇದ್ದದ್ದೆಲ್ಲ ನೀರಿನ ಮೇಲೆ ತೇಲುವುದಿಲ್ಲ. ನೌಕಾಪಡೆ ತನ್ನ ದಡದ ನೆಲೆಗಳಿಗೂ ಹಡಗಿನ ಹಾಗೇ ಹೆಸರಿಡುತ್ತದೆ. ಐಎನ್‌ಎಸ್ ಶಿವಾಜಿ ಇರುವುದು ಲೋಣಾವಳದ ಗುಡ್ಡದಲ್ಲಿ. ಐಎನ್‌ಎಸ್ ಚಿಲ್ಕಾ ಒಡಿಶಾದ ತರಬೇತಿ ಕೇಂದ್ರ. ನಮ್ಮದೇ ಕಾರವಾರದ ಐಎನ್‌ಎಸ್ ಕದಂಬ 2005ರಲ್ಲಿ ಶುರುವಾದ ನೆಲೆ. ಇಂಥ ಕಡೆಯ ಕವರಿನಲ್ಲಿ ಪಕ್ಕದ ಊರಿನ ಸಾದಾ ಅಂಚೆ ಮುದ್ರೆ ಇರುವ ಸಾಧ್ಯತೆ ಜಾಸ್ತಿ.

ಸ್ಟಾಂಪು ಹಿಂಬದು ಕೊಡುತ್ತದೆ. ಜಾರ್ಜ್ 6ನೇ ದೊರೆಯ ಮುಖ ಇದ್ದರೆ 1937ರಿಂದ ಈಚೆಗೆ. ಸ್ವತಂತ್ರ ಭಾರತದ ಮೊದಲ ಸ್ಟಾಂಪು ಬಂದದ್ದು 1947ರ ನವೆಂಬರ್ 21ಕ್ಕೆ. ನಯೇ ಪೈಸೆ ಅಂತ ಇದ್ದರೆ 1957ರ ಏಪ್ರಿಲ್ 1ರಿಂದ ಈಚೆಗೆ. 1964ರಲ್ಲಿ 'ನಯೇ' ಬಿಟ್ಟುಹೋಗಿ ಬರೀ ಪೈಸೆ ಆಯಿತು. 5 ಪೈಸೆಯ ನಿರಾಶ್ರಿತರ ನೆರವಿನ ಸ್ಟಾಂಪು ಜೊತೆಗಿದ್ದರೆ ಬಹಳ ಒಳ್ಳೆಯದು. ಅದು ಜಾರಿಯಲ್ಲಿದ್ದದ್ದು 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ಮಾತ್ರ. ಆದರೆ ಸ್ಟಾಂಪನ್ನು ಪೆಟ್ಟಿಗೆಯಲ್ಲಿಟ್ಟು ಎಷ್ಟೋ ವರ್ಷ ಆದಮೇಲೆ ಅಂಟಿಸಬಹುದು ಅಲ್ವಾ? ಹಾಗಾಗಿ ಸ್ಟಾಂಪಿನಿಂದ ಮುಂಬದು ಹಾಕಬೇಡಿ.

ವಿಳಾಸ ನಮಗೆ ಬಂಗಾರದಂಥ ಸಾಕ್ಷಿ, ಅದೂ ನಮ್ಮ ಜಿಲ್ಲೆಯದ್ದಾದರೆ. 'ಚಿತಲ್‌ಡ್ರೂಗ್ ಡಿಸ್ಟ್ರಿಕ್ಟ್' ಅಂತ ಇಂಗ್ಲಿಷಿನಲ್ಲಿ ಇದ್ದರೆ ಅದು ಚಿತ್ರದುರ್ಗಕ್ಕೆ ಬ್ರಿಟಿಷರ ಕಾಲದಿಂದ ಬಂದ ಹಳೇ ಬರವಣಿಗೆ. 'ಮೈಸೂರು ಸ್ಟೇಟ್' ಬದಲು 'ಕರ್ನಾಟಕ' ಇದ್ದರೆ 1973ರ ನವೆಂಬರ್ 1ರಿಂದ ಈಚೆಗೆ. 'ದಾವಣಗೆರೆ ಜಿಲ್ಲೆ' ಅಂತ ಇದ್ದರೆ 1997ರ ಆಗಸ್ಟ್ 15ರಿಂದ ಈಚೆಗೆ. ಅಲ್ಲಿವರೆಗೆ ದಾವಣಗೆರೆ ಊರಿನವರೆಲ್ಲ ಚಿತ್ರದುರ್ಗ ಜಿಲ್ಲೆಯವರೇ. ಹರಪನಹಳ್ಳಿ ವಿಳಾಸ ಸಿಕ್ಕರೆ ಇನ್ನೂ ಸ್ವಾರಸ್ಯ. 1953ರವರೆಗೆ ಮದರಾಸಿನ ಕೆಳಗಿದ್ದ ಬಳ್ಳಾರಿ ಜಿಲ್ಲೆ, ಆಮೇಲೆ ಮೈಸೂರು ರಾಜ್ಯ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, ಈಗ ವಿಜಯನಗರ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿಯಿರಿ. ಪಿನ್‌ಕೋಡ್ ಇದ್ದರೆ ಸಾಕ್ಷಿ. ಪಿನ್‌ಕೋಡ್ ಇಲ್ಲದಿದ್ದರೆ ಸಾಕ್ಷಿ ಅಲ್ಲ. ಇವತ್ತಿಗೂ ಎಷ್ಟು ಜನ ಪಿನ್‌ಕೋಡ್ ಬರೆಯುವುದಿಲ್ಲ ಹೇಳಿ. ಹಳ್ಳಿಯವರು ಜಿಲ್ಲೆ ಬೇರೆ ಆಗಿ ಹತ್ತು ವರ್ಷ ಆದರೂ ಹಳೇ ಜಿಲ್ಲೆಯ ಹೆಸರನ್ನೇ ಬರೆಯುತ್ತಾರೆ. ಕವರಿನ ಮೇಲೆ ಇರುವುದು ಬದು ಹಾಕುತ್ತದೆ. ಇಲ್ಲದ್ದು ಬರೀ ಸುಳಿವು ಕೊಡುತ್ತದೆ.

ದೊಡ್ಡಮ್ಮನ ಕವರಿಗೆ ಬರೋಣ

ಹಡಗು 1957ರ ಆಗಸ್ಟ್ 29ಕ್ಕೆ ಸೇರ್ಪಡೆ ಆದದ್ದರಿಂದ ಅದೇ ಹಿಂಬದು. ಸ್ಟಾಂಪೂ ಅದೇ ವರ್ಷದಿಂದ ಈಚೆಗಿನದು. ವಿಳಾಸದಲ್ಲಿ 'ಮೈಸೂರು ಸ್ಟೇಟ್' ಇತ್ತು, ಆದ್ದರಿಂದ 1973ರವರೆಗೆ ಅಂತ ಸಡಿಲವಾದ ಮುಂಬದು. ಹದಿನಾರು ವರ್ಷದ ಅಂತರ, ತುಂಬಾ ಜಾಸ್ತಿ.

ಹಿಂದುಗಡೆ ದಾವಣಗೆರೆಯ ದುಂಡು ಮುದ್ರೆ ಇತ್ತು, ಆದರೆ ಅರ್ಧ ಮಡಿಕೆಯ ಮೇಲೆ ಬಿದ್ದು ಅಳಿಸಿತ್ತು. ಓರೆ ಬೆಳಕಿನಲ್ಲಿ ಮೊಬೈಲ್ ಹಿಡಿದು ಐದಾರು ಫೋಟೋ ತೆಗೆದೆ. ಮುದ್ರೆಯಲ್ಲಿ ವರ್ಷಕ್ಕೆ ಎರಡೇ ಅಂಕೆ, ಕೊನೆಯ ಫೋಟೋದಲ್ಲಿ ಅದರ ಎರಡನೆಯದು ಕಂಡಿತು. 9. ಮೊದಲ ಅಂಕೆ ಮಾತ್ರ ಇಲ್ಲ. ಅಂದರೆ 1959 ಇಲ್ಲವೇ 1969.

ಇಲ್ಲಿ ಕೈ ಹಿಡಿದದ್ದು ಅಂಚೆ ದರ. 15 ಪೈಸೆಯ ಲಕೋಟೆ ದರ 1968ರಲ್ಲಿ 20 ಪೈಸೆಗೆ ಏರಿತ್ತು. 1969ರ ಕವರಾಗಿದ್ದರೆ 5 ಪೈಸೆ ಕಡಿಮೆ ಬಿದ್ದು, ಬಾಕಿ ವಸೂಲಿಯ ಗುರುತು ಇರಬೇಕಿತ್ತು. ಅಂಥ ಗುರುತು ಎಲ್ಲೂ ಇಲ್ಲ. ಜೊತೆಗೆ ನಯೇ ಪೈಸೆಯ ಸ್ಟಾಂಪು. 1959 ಅಂತ ಬರೆದುಕೊಂಡೆ. ಬಾಕಿ ಗುರುತು ಇಲ್ಲದ್ದು ನಾನೇ ಹೇಳಿದ ಹಾಗೆ ಬರೀ ಸುಳಿವು, ಅದಕ್ಕೇ 'ಬಹುತೇಕ' ಅಂತ ಮುಂದೆ ಸೇರಿಸಿದೆ. ಹೋಗಿ ದೊಡ್ಡಮ್ಮನಿಗೆ ಹೇಳಿದಾಗ ಅವರು ಬೆರಳು ಮಡಿಚಿ ಎಣಿಸಿದರು. "ಹೌದು, ಆ ವರ್ಷ ನಿಮ್ಮಣ್ಣ ಹೊಟ್ಟೆಯಲ್ಲಿದ್ದ" ಅಂದರು.

ಐದನೇ ಹಂತ: ಅಸಲಿಯೋ ನಕಲಿಯೋ

ಮನೆಯ ಟ್ರಂಕಿನದ್ದಾದರೆ ಈ ಚಿಂತೆ ಕಡಿಮೆ. ದುಡ್ಡು ಕೊಟ್ಟು ತರುವುದಾದರೆ ನೋಡಲೇಬೇಕು. ತಾರೀಖಿಲ್ಲದ ಠಸ್ಸೆಯನ್ನು ನಕಲು ಮಾಡುವುದು ಸುಲಭ, ಸುಳ್ಳು ಹಿಡಿಯಲು ದಿನವೇ ಇಲ್ಲವಲ್ಲ.

ಲೆನ್ಸಿನಲ್ಲಿ ಮಡಿಕೆಯ ಬಿರುಕು ನೋಡಿ. ಠಸ್ಸೆ ಮೊದಲು ಬಿದ್ದು ಆಮೇಲೆ ಮಡಿಕೆ ಬಿರಿದಿದ್ದರೆ ಬಿರುಕಿನೊಳಗೆ ಬಿಳಿ ನಾರು ಕಾಣುತ್ತದೆ. ಶಾಯಿ ಬಿರುಕಿನೊಳಗೆ ಇಳಿದು ಹರಡಿದ್ದರೆ ಹಳೇ ಕವರಿನ ಮೇಲೆ ಈಚೆಗೆ ಒತ್ತಿದ್ದು. ಕತ್ತಲೆ ಕೋಣೆಯಲ್ಲಿ ನೋಟಿನ ಟಾರ್ಚು ಹಿಡಿಯಿರಿ. ಕಾಗದ ಬೆಳ್ಳಗೆ ಕಾಣಲು ಸೇರಿಸುವ ಹೊಳಪಿನ ರಾಸಾಯನಿಕ ಬಳಕೆಗೆ ಬಂದದ್ದು ಹೆಚ್ಚುಕಡಿಮೆ 1950ರ ಹೊತ್ತಿಗೆ. '1942ರದ್ದು' ಅಂತ ಹೇಳಿದ ಕವರು ಆ ಬೆಳಕಿನಲ್ಲಿ ನೀಲಿ ಬಿಳುಪಾಗಿ ಹೊಳೆದರೆ ಕೊಳ್ಳಬೇಡಿ. ಹಡಗು ಮುಳುಗಿದ ಮೇಲೆ ಬಂದ ಸ್ಟಾಂಪು, ಮುಳುಗಿದ ಮೇಲಿನ ವಿಳಾಸ, ಇಂಥ ತಾಳೆಯಾಗದ ಜೋಡಿಯೂ ಸಿಗುತ್ತದೆ.

ಗೊಂದಲವಾದರೆ ಬೆಂಗಳೂರು ಜಿಪಿಒದ ಫಿಲಾಟೆಲಿ (ಸ್ಟಾಂಪು ಸಂಗ್ರಹ) ಬ್ಯೂರೋ ಕಡೆ ಹೋಗಿ, ಕರ್ನಾಪೆಕ್ಸ್ ಅನ್ನುವ ಸ್ಟಾಂಪು ಪ್ರದರ್ಶನ ನಡೆದಾಗ ಹೋಗಿ. ಅಲ್ಲಿ ಬರುವ ಹಿರಿಯರು ಕೇಳಿದರೆ ಕೂತು ಹೇಳಿಕೊಡುತ್ತಾರೆ. ಸುಮ್ನೆ ಫೋಟೋ ತೋರಿಸುವುದಕ್ಕಿಂತ ನೀವು ಅಳೆದು ಬರೆದ ಹಾಳೆಯನ್ನೂ ತೋರಿಸಿ, ಮಾತು ಬೇಗ ಮುಂದೆ ಹೋಗುತ್ತದೆ. ಈಗ ಕೆಲಸದಲ್ಲಿರುವ ನಾವಿಕರ ಹೆಸರು, ವಿಳಾಸ ಇರುವ ಕವರಿನ ಫೋಟೋ ಮಾತ್ರ ಎಲ್ಲಿಗೂ ಹಂಚಬೇಡಿ.

ಕೊನೆಗೆ ಚೀಟಿ

ಕವರಿನ ಮೇಲೆ ಏನೂ ಬರೆಯಬೇಡಿ, ಪೆನ್ಸಿಲಿನಲ್ಲೂ ಬೇಡ. ಬೇರೆ ಚೀಟಿಯಲ್ಲಿ ಎರಡು ಭಾಗ ಮಾಡಿ. ಒಂದರಲ್ಲಿ ಕಣ್ಣಾರೆ ಕಂಡದ್ದು, ಇನ್ನೊಂದರಲ್ಲಿ ನೀವು ಊಹಿಸಿದ್ದು. ಎರಡನ್ನೂ ಬೆರೆಸಿದರೆ ನಿಮ್ಮ ನಂತರ ನೋಡುವವರಿಗೆ ದಾರಿ ತಪ್ಪುತ್ತದೆ. ದೊಡ್ಡಮ್ಮನ ಕವರಿನ ಚೀಟಿ ಹೀಗಿದೆ:

'ಕಂಡದ್ದು: ನೇರಳೆ ರಬ್ಬರ್ ಸೀಲು, ಮೊಟ್ಟೆಯಾಕಾರ, ಐಎನ್‌ಎಸ್ ಮೈಸೂರು, ತಾರೀಖಿಲ್ಲ. 15 ನಯೇ ಪೈಸೆ ನಕ್ಷೆ ಸ್ಟಾಂಪು, ಕಪ್ಪು ಪಟ್ಟೆ. ಹಿಂದೆ ದಾವಣಗೆರೆ ಮುದ್ರೆ, ವರ್ಷದ ಕೊನೆ ಅಂಕೆ 9. ಬಾಕಿ ಗುರುತಿಲ್ಲ. ಊಹೆ: ಬಹುತೇಕ 1959.'

ಅದರ ಪಕ್ಕದ ತೊಟ್ಟೆಯಲ್ಲಿ ಬೆಂಗಳೂರಿನಿಂದ ತಂದ ಇನ್ನೊಂದು ಕವರಿದೆ. ಜಾರ್ಜ್ ದೊರೆಯ ಸ್ಟಾಂಪು, ಮ್ಯಾರಿಟೈಮ್ ಮೇಲ್ ಅಲೆಗೆರೆ, ಹಿಂದುಗಡೆ ಖಾಲಿ. ಅದರ ಚೀಟಿಯಲ್ಲಿ 'ಎರಡನೇ ಮಹಾಯುದ್ಧದ ನಡುವಿನಿಂದ ಈಚೆಗೆ' ಅಂತ ಬರೆದಿದ್ದೇನೆ. ಮುಂಬದಿನ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.